ಪಕ್ಕದ ಮೇಜಿನ ತಜ್ಞ: ಕಂಪನಿಗಳ ಮಾಹಿತಿ ವ್ಯವಸ್ಥೆ ಮತ್ತು ಬಳಕೆದಾರರ ನೆರವಿನ ಚರಿತ್ರೆ

ಕಚೇರಿ ಕಂಪ್ಯೂಟರಿನ ಚರಿತ್ರೆಯನ್ನು ಯಂತ್ರಗಳ ವಂಶಾವಳಿಯಾಗಿ ಬರೆಯುವುದು ರೂಢಿ: ವಾಲ್ವ್, ಟ್ರಾನ್ಸಿಸ್ಟರ್, ಮೇನ್‌ಫ್ರೇಮ್, ಪಿಸಿ. ಯಂತ್ರದ ಮುಂದೆ ಕೂತ ಗುಮಾಸ್ತನಿಗೆ ದಿಕ್ಕು ತೋಚದಾದಾಗ ಆತ ಯಾರನ್ನು ಕೇಳಿದ, ಹೇಳಿಕೊಟ್ಟವರ ಸಮಯಕ್ಕೆ ಯಾರು ಸಂಬಳ ಕೊಟ್ಟರು ಎಂಬುದು ಆ ವಂಶಾವಳಿಯಲ್ಲಿ ಬರುವುದಿಲ್ಲ. ಈ ಲೇಖನದ ವಾದ ಇಷ್ಟೇ: ಕಂಪನಿಗಳು ನೆರವಿನ ವ್ಯವಸ್ಥೆಯನ್ನು ಬಳಕೆದಾರರಿಂದ ದೂರ ಒಯ್ದಾಗಲೆಲ್ಲ ಆ ಕೆಲಸ ಪಕ್ಕದ ಮೇಜಿನವರ ತಲೆಗೆ ಬಿದ್ದಿದೆ, ಆದರೆ ಲೆಕ್ಕಕ್ಕೆ ಬಂದಿಲ್ಲ.

ಕಥೆ ಶುರುವಾಗುವುದು ಲಂಡನ್ನಿನ ಚಹಾದಂಗಡಿಗಳಲ್ಲಿ. ಚಹಾ, ಬ್ರೆಡ್ಡು, ಕೇಕು ಮಾರುತ್ತಿದ್ದ ಜೆ. ಲಯನ್ಸ್ ಕಂಪನಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಎಡ್ಸಾಕ್ ಕಂಪ್ಯೂಟರ್ ಯೋಜನೆಗೆ 3,000 ಪೌಂಡ್ ಕೊಟ್ಟಿತು. ಆಮೇಲೆ ಅದೇ ಮಾದರಿಯಲ್ಲಿ ತನಗೊಂದು ಕಂಪ್ಯೂಟರನ್ನೂ ಕಟ್ಟಿಕೊಂಡಿತು. ‘ಲಿಯೋ’ ಎಂಬ ಆ ಯಂತ್ರ 1951ರ ನವೆಂಬರಿನಲ್ಲಿ ಬೇಕರಿಯ ಲೆಕ್ಕ ಹಾಕತೊಡಗಿತು. ಬೇಕರಿ ಕಂಪನಿಯೊಂದು ಕಂಪ್ಯೂಟರ್ ಕಟ್ಟಿತೆಂಬ ಸೋಜಿಗವನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಜಾನ್ ಸಿಮನ್ಸ್ ಅವರ ಕಚೇರಿ ಪದ್ಧತಿಗಳ ಸಂಶೋಧನಾ ವಿಭಾಗ. ಅದು 1930ರ ದಶಕದ್ದು, ಯಂತ್ರಕ್ಕಿಂತ ಹಳೆಯದು. ಯಾವ ಫಾರಂ ಯಾವ ಮೇಜಿಗೆ ಹೋಗುತ್ತದೆ, ಹೋಗದಿದ್ದರೆ ಏನು ನಷ್ಟ ಎಂದು ಗುಮಾಸ್ತರ ಪಕ್ಕದಲ್ಲೇ ಕೂತು ನೋಡಿದವರು ಆ ವಿಭಾಗದವರು. ಲಿಯೋದ ಕೆಲಸಗಳನ್ನು ರೂಪಿಸಿದ ಡೇವಿಡ್ ಕ್ಯಾಮಿನರ್ ಬಂದದ್ದೂ ಅಲ್ಲಿಂದಲೇ.

1954ರಲ್ಲಿ ಲಿಯೋಗೆ ಒಪ್ಪಿಸಿದ ಚಹಾದಂಗಡಿಗಳ ಸರಬರಾಜು ಕೆಲಸದಲ್ಲಿ ಇದರ ಫಲ ಎದ್ದು ಕಾಣುತ್ತದೆ. ಪ್ರತಿ ಅಂಗಡಿಗೂ ವಾರದ ಆಯಾ ದಿನಕ್ಕೆ ತಕ್ಕ ಮಾಮೂಲಿ ಬೇಡಿಕೆಯೊಂದನ್ನು ಯಂತ್ರಕ್ಕೆ ಮೊದಲೇ ಕೊಟ್ಟಿರುತ್ತಿದ್ದರು. ಅಂಗಡಿ ನೋಡಿಕೊಳ್ಳುವ ಮಹಿಳೆ ಫೋನಿನಲ್ಲಿ ಹೇಳಬೇಕಾದದ್ದು ನಾಳೆಗೆ ಏನು ಹೆಚ್ಚು, ಏನು ಕಡಿಮೆ ಎಂದಷ್ಟೇ. ಈ ಕಡೆ ಕಿವಿಗೆ ಹೆಡ್‌ಫೋನ್ ಹಾಕಿ ಕೂತವರು ಕೇಳಿದ್ದನ್ನು ಹಾಗೆಯೇ ಕಾರ್ಡಿನಲ್ಲಿ ಪಂಚ್ ಮಾಡುತ್ತಿದ್ದರು. ಅಂಗಡಿಯವರು ಕಂಪ್ಯೂಟರನ್ನು ಕಣ್ಣಿಂದ ನೋಡಬೇಕಾಗಿರಲಿಲ್ಲ, ಅದರ ಭಾಷೆ ಕಲಿಯಬೇಕಾಗಿರಲಿಲ್ಲ. ಬಳಕೆದಾರರಿಗೂ ಯಂತ್ರಕ್ಕೂ ನಡುವೆ ಸಂಬಳ ಪಡೆಯುವ ಮನುಷ್ಯರೊಬ್ಬರು ಇದ್ದರು. ಇದನ್ನು ಬರೀ ದತ್ತಾಂಶ ಸಂಗ್ರಹದ ಉಪಾಯವೆಂದು ಓದಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ.

ಮುಂದಿನ ಎರಡು ದಶಕಗಳಲ್ಲಿ ಮೇನ್‌ಫ್ರೇಮ್ ಹವಾನಿಯಂತ್ರಿತ ಕೋಣೆ ಸೇರಿತು. ‘ಇಡಿಪಿ’ (ಎಲೆಕ್ಟ್ರಾನಿಕ್ ದತ್ತಾಂಶ ಸಂಸ್ಕರಣೆ) ವಿಭಾಗ ಕಂಪನಿಯೊಳಗೇ ಬೇರೊಂದು ಸಂಸ್ಥಾನವಾಯಿತು. ಮಾರಾಟ ವಿಭಾಗದವರು ಹೊಸ ವರದಿಯೊಂದನ್ನು ಕೇಳಿದರೆ ಅರ್ಜಿ ವರ್ಷಗಟ್ಟಲೆ ಬಾಕಿ. ಈ ಬಾಕಿ ಕರಗಿಸಲೆಂದೇ 1974ರ ಸುಮಾರಿಗೆ ಐಬಿಎಂನ ಕೆನಡಾ ಶಾಖೆ ‘ಇನ್ಫರ್ಮೇಶನ್ ಸೆಂಟರ್’ ಎಂಬ ಏರ್ಪಾಡು ಮಾಡಿತು: ಬಳಕೆದಾರರೇ ಬಂದು ಕೂತು ತಮ್ಮ ವರದಿಯನ್ನು ತಾವೇ ತೆಗೆದುಕೊಳ್ಳಲಿ, ಪಕ್ಕದಲ್ಲಿ ಹೇಳಿಕೊಡಲು ಸಿಬ್ಬಂದಿ ಇರಲಿ. ಉದಾರ ಯೋಜನೆಯೇ. ಬಳಕೆದಾರರು ತಾವೇ ದುಡಿದರೆ ಪ್ರೋಗ್ರಾಮರ್‌ಗಳ ಸಂಬಳ ಉಳಿಯುತ್ತದೆಂಬ ಲೆಕ್ಕವೂ ಅದರೊಳಗಿತ್ತು.

1979ರಲ್ಲಿ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್, 1981ರಲ್ಲಿ ಐಬಿಎಂ ಪಿಸಿ ಬಂದವು. ಇನ್ನು ಯಾರ ಅಪ್ಪಣೆಗೂ ಕಾಯಬೇಕಾಗಿರಲಿಲ್ಲ. ಈ ಗಡಿಬಿಡಿಯ ನಡುವೆ, 1983ರಲ್ಲಿ, ಎಂಐಟಿಯ ಜಾನ್ ರಾಕರ್ಟ್ ಮತ್ತು ಲಾರೆನ್ ಫ್ಲಾನರಿ ಏಳು ಸಂಸ್ಥೆಗಳ ಜನರನ್ನು ಮಾತನಾಡಿಸಿ ಬಳಕೆದಾರರನ್ನು ಆರು ಬಗೆಯಾಗಿ ವಿಂಗಡಿಸಿದರು. ಈ ಚರಿತ್ರೆಗೆ ತೀರ ಮುಖ್ಯವಾದವರು ಅವರಲ್ಲಿ ನಾಲ್ಕನೆಯ ಬಗೆಯವರು: ಹಣಕಾಸು, ಮಾರಾಟದಂಥ ವಿಭಾಗಗಳಲ್ಲೇ ಇದ್ದುಕೊಂಡು ಸಹೋದ್ಯೋಗಿಗಳಿಗೆ ಪ್ರೋಗ್ರಾಂ ಬರೆದುಕೊಡುವವರು, ದಾರಿ ತೋರಿಸುವವರು. ಅವರು ತಮ್ಮನ್ನು ಕಂಪ್ಯೂಟರ್ ಸಿಬ್ಬಂದಿಯೆಂದು ಎಣಿಸಿಕೊಂಡಿರಲಿಲ್ಲ. ಅಧ್ಯಯನದಲ್ಲಿ ಕಂಡ ಎಲ್ಲಕ್ಕಿಂತ ದೊಡ್ಡ ಗುಂಪೂ ಅವರದೇ.

ಈ ದುಡಿಮೆಗೆ ಬೆಲೆ ಕಟ್ಟಿದ್ದು ಗಾರ್ಟ್ನರ್ ಎಂಬ ಸಂಶೋಧನಾ-ಸಲಹಾ ಸಂಸ್ಥೆ. 1987ರಲ್ಲಿ ಅದು ಪಿಸಿಯ ಒಟ್ಟು ಮಾಲೀಕತ್ವದ ವೆಚ್ಚವನ್ನು ಲೆಕ್ಕ ಹಾಕುವ ವಿಧಾನವೊಂದನ್ನು ಮುಂದಿಟ್ಟಿತು. ಖರೀದಿ ಬೆಲೆ ಆ ವೆಚ್ಚದ ಒಂದು ಪಾಲು ಮಾತ್ರ. ತಮ್ಮ ಕೆಲಸ ಬಿಟ್ಟು ಸಹೋದ್ಯೋಗಿಗಳು ಒಬ್ಬರಿಗೊಬ್ಬರು ಹೇಳಿಕೊಡುವ ಹೊತ್ತೂ ವೆಚ್ಚವೇ. ಇದಕ್ಕೆ ಕಂಪನಿಗಳು ಕಂಡುಕೊಂಡ ಉತ್ತರ ಮಾತ್ರ ಆ ನೆರವನ್ನು ಒಪ್ಪಿ ಪೋಷಿಸುವುದಾಗಿರಲಿಲ್ಲ, ಕೇಂದ್ರೀಕರಿಸುವುದಾಗಿತ್ತು. 1989ರಿಂದ ಬ್ರಿಟನ್ ಸರ್ಕಾರದ ಕಂಪ್ಯೂಟರ್ ಏಜೆನ್ಸಿ ಸಿಸಿಟಿಎ ಪ್ರಕಟಿಸತೊಡಗಿದ ಐಟಿಐಎಲ್ ಎಂಬ ಐಟಿ ಸೇವಾ ನಿರ್ವಹಣೆಯ ಕೈಪಿಡಿಗಳು ಹೆಲ್ಪ್‌ಡೆಸ್ಕಿಗೆ ಶಾಸ್ತ್ರವನ್ನೇ ರಚಿಸಿದವು. ದೂರು ಟಿಕೆಟ್ ಆಯಿತು, ಟಿಕೆಟಿಗೆ ಗಡುವು ಬಂತು. ಗಡುವಿನಿಂದ ಅಳೆಯಬಹುದಾದ ಕೆಲಸವನ್ನು ಎಲ್ಲಿ ಬೇಕಾದರೂ ಮಾಡಿಸಬಹುದು. ಹೀಗೆ 2000ದ ದಶಕದಲ್ಲಿ ಅಮೆರಿಕದ ಕಚೇರಿಗಳ ಪಾಸ್‌ವರ್ಡ್ ತೊಂದರೆಗಳು ಬೆಂಗಳೂರಿನ ರಾತ್ರಿ ಪಾಳಿಗೆ ಬಂದವು.

ಭಾರತದ ಬ್ಯಾಂಕುಗಳ ದಾರಿ ಬೇರೆ. ಇಲ್ಲಿ ಕಂಪ್ಯೂಟರ್ ಬಂದದ್ದು ಕಾರ್ಮಿಕ ಸಂಘಟನೆಗಳೊಡನೆ ಚೌಕಾಸಿ ಮಾಡಿಕೊಂಡು. 1983ರ ಒಪ್ಪಂದ ಯಂತ್ರಗಳಿಗೆ ಮಿತಿ ಹಾಕಿತು, ಅವನ್ನು ನಡೆಸುವ ಗುಮಾಸ್ತರಿಗೆ ವಿಶೇಷ ಭತ್ಯೆ ಗೊತ್ತುಮಾಡಿತು. ರಿಸರ್ವ್ ಬ್ಯಾಂಕ್ ನೇಮಿಸಿದ ಸಿ. ರಂಗರಾಜನ್ ಸಮಿತಿಯ 1984ರ ವರದಿ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರದ ದಾರಿ ತೋರಿಸಿತು. ಯಂತ್ರದ ಜ್ಞಾನಕ್ಕೆ ಪ್ರತ್ಯೇಕ ಬೆಲೆಯುಂಟೆಂದು ಲಿಖಿತವಾಗಿ ಒಪ್ಪಿದ ಈ ಪ್ರಸಂಗವನ್ನು ಆಡಳಿತಶಾಸ್ತ್ರದವರು ಗಣಕೀಕರಣಕ್ಕೆ ಬಂದ ಅಡ್ಡಿಯೆಂದು ಮಾತ್ರ ಓದಿರುವುದು ಅನ್ಯಾಯ. ಕೋರ್ ಬ್ಯಾಂಕಿಂಗ್ ಬಂದು ಸರ್ವರುಗಳು ಶಾಖೆಯಿಂದ ದೂರದ ಡೇಟಾ ಸೆಂಟರ್ ಸೇರಿದ ಮೇಲೂ, “ಸ್ವಲ್ಪ ಇಲ್ಲಿ ನೋಡ್ರೀ, ಎಂಟ್ರಿ ಮುಂದಕ್ಕೆ ಹೋಗ್ತಾ ಇಲ್ಲ” ಎಂದು ಕೌಂಟರಿನವರು ಮೊದಲು ಕರೆಯುವುದು ಹೆಲ್ಪ್‌ಡೆಸ್ಕನ್ನಲ್ಲ, ಪಕ್ಕದವರನ್ನು.

ಸಂಶೋಧಕರಿಗೆ ತೊಡಕಾಗುವುದು ಇಲ್ಲೇ. ಟಿಕೆಟುಗಳ ದಾಖಲೆ ಉಳಿಯುತ್ತದೆ, ಪಕ್ಕದವರ ಉತ್ತರ ಉಳಿಯುವುದಿಲ್ಲ. ಲಿಯೋದಲ್ಲಿ ದುಡಿದವರ ನೆನಪುಗಳನ್ನು ಅವರದೇ ಸಂಘ ಧ್ವನಿಮುದ್ರಿಸಿ ಕಾಪಾಡಿದೆ. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಹೀಗೆ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ಲೆಡ್ಜರ್ ಯಂತ್ರಗಳ ಮುಂದೆ ಮೊದಲು ಕೂತವರು ಈಗ ಪಿಂಚಣಿದಾರರು. ಅವರಿಂದ ಮೊದಲು ಕೇಳಿ ತಿಳಿಯಬೇಕಾದದ್ದು ಭತ್ಯೆ ಯಾರಿಗೆ ಸಿಕ್ಕಿತು, ನಿಜಕ್ಕೂ ಹೇಳಿಕೊಟ್ಟವರು ಯಾರು ಎಂಬುದನ್ನು.