ಭಟ್ಟಿಯ ತಳದ ನೀರು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಅಬಕಾರಿ ದಾಳಿಯ ಸುದ್ದಿ ಓದಿದವರಿಗೆ ಅದರ ಒಕ್ಕಣೆ ಬಾಯಿಪಾಠವಾಗಿರುತ್ತದೆ. ಇಷ್ಟು ಲೀಟರ್ ಕಳ್ಳಭಟ್ಟಿ ಸಾರಾಯಿ ವಶ, ಇಷ್ಟು ಲೀಟರ್ ಬೆಲ್ಲದ ಕೊಳೆ ಸ್ಥಳದಲ್ಲೇ ನಾಶ. ಮುಂಬೈ ಪ್ರಾಂತ್ಯದ ಕಾಲದ ಅಬಕಾರಿ ನನ್ನ ಸಂಶೋಧನೆಯ ವಿಷಯವಾದ್ದರಿಂದ ಇಂಥ ಸಾಲುಗಳನ್ನು ಬಹಳ ಓದಿದ್ದೇನೆ. ವಶವಾದದ್ದು ಕಚೇರಿಗೆ ಹೋಗುತ್ತದೆ, ಲೆಕ್ಕಕ್ಕೆ ಸಿಗುತ್ತದೆ. ನಾಶವಾದದ್ದು ಮಣ್ಣಿಗೆ ಹೋಗುತ್ತದೆ. ಸಾರಾಯಿ ತೆಗೆಯುವವರ ಕಸುಬಿನ ಚರಿತ್ರೆ ಹೆಚ್ಚಾಗಿ ಈ ಮಣ್ಣುಪಾಲಾದ ಭಾಗದಲ್ಲೇ ಇತ್ತು ಎಂಬುದು ನನ್ನ ವಾದ.

ಮೊದಲು ಕೆಲಸ ಹೇಗೆ ನಡೆಯುತ್ತದೆ ನೋಡೋಣ. ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ಜಾಲಿಯ ಚಕ್ಕೆ ಹಾಕಿ, ಕೆಲವು ದಿನ ಹುಳಿಯಲು ಬಿಟ್ಟರೆ ಅದೇ ಕೊಳೆ. ಚಕ್ಕೆಯ ಒಗರು ಕಲ್ಮಶವನ್ನು ತಳಕ್ಕಿಳಿಸುತ್ತದೆ. ಬಿಳಿಜಾಲಿಗೆ ಇಂಗ್ಲಿಷ್ ಸಸ್ಯಶಾಸ್ತ್ರದ ಪುಸ್ತಕಗಳು ‘ಡಿಸ್ಟಿಲರ್ಸ್ ಅಕೇಶಿಯಾ’, ಅಂದರೆ ಭಟ್ಟಿಗಾರರ ಜಾಲಿ ಎಂಬ ಹೆಸರನ್ನೇ ಕೊಟ್ಟಿವೆ. ಕೊಳೆಯನ್ನು ಕಾಯಿಸಿದಾಗ ಆವಿಯಾಗಿ ಹೋಗಿ ತಣಿದು ಇಳಿಯುವುದು ಸಾರಾಯಿ. ಹಂಡೆಯಲ್ಲಿ ಉಳಿಯುವುದು ಕಪ್ಪಗಿನ ಹುಳಿ ನೀರು. ಅದರಲ್ಲಿ ಅಮಲಿಲ್ಲ. ಆದರೆ ಹುಳಿ ಇದೆ, ಬೆಲ್ಲದ ಸುಟ್ಟ ವಾಸನೆ ಇದೆ, ಕುದಿದು ಸತ್ತ ಹುದುಗಿನ ಸಾರವಿದೆ.

ಈ ನೀರಿನ ಒಂದು ಪಾಲನ್ನು ಮುಂದಿನ ಕೊಳೆಗೆ ಸೇರಿಸಿದರೆ ಹೊಸ ಸಾರಾಯಿಗೆ ಹಳೆಯದರ ರುಚಿ ಬರುತ್ತದೆ. ಇದನ್ನು ಮೊಸರಿನ ಹೆಪ್ಪಿಗೆ ಹೋಲಿಸಬೇಕೆನಿಸುತ್ತದೆ, ಆದರೆ ಎರಡೂ ಒಂದೇ ಅಲ್ಲ. ಹೆಪ್ಪಿನಲ್ಲಿ ಜೀವವಿದೆ. ಹಂಡೆಯಲ್ಲಿ ಕುದಿದ ನೀರಿನಲ್ಲಿ ಇಲ್ಲ. ಅದು ಮಾಡುವ ಕೆಲಸ ಬೇರೆ: ಕೊಳೆಯನ್ನು ಮೊದಲೇ ಹುಳಿಯಾಗಿಸಿ ಬೇಡದ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ, ಹೊಸ ಹುದುಗಿಗೆ ಆಹಾರವಾಗುತ್ತದೆ, ಒಂದು ಸಲದ ರುಚಿಯನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಇನ್ನು ಜೀವವಿರುವ ಉಳಿಕೆ ಎಂದರೆ ಭಟ್ಟಿಗೆ ಏರಿಸದೆ ಎತ್ತಿಟ್ಟ ಕೊಳೆಯ ಗಷ್ಟು. ಅದು ನಿಜವಾದ ಹೆಪ್ಪು. ಮಧ್ಯಭಾರತದ ಹಿಪ್ಪೆ ಸೀಮೆಯಲ್ಲಿ ಹಿಂದಿನ ಸಲ ಹುಳಿಸಿದ ಹೂವನ್ನೇ ಹೊಸ ಹೂವಿಗೆ ಬೀಜವಾಗಿ ಹಾಕುವ ರೂಢಿ ಇದೇ ಬಗೆಯದು.

ಈ ತಿಳಿವಳಿಕೆ ಹಳೆಯದು. 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಬಗ್ಗೆ ಒಂದು ಅಧ್ಯಾಯವಿದೆ. ಮದ್ಯ ಹುಳಿಸುವ ‘ಕಿಣ್ವ’ವನ್ನು ಯಾವುದರಿಂದ ಮಾಡಬೇಕೆಂದು ಅದು ಹೇಳುತ್ತದೆ, ಆ ಕೆಲಸವನ್ನು ಹೆಂಗಸರಿಗೂ ಮಕ್ಕಳಿಗೂ ಒಪ್ಪಿಸುತ್ತದೆ. ಕೆಟ್ಟ ಮದ್ಯವನ್ನೂ ಅದು ಚೆಲ್ಲಿಸುವುದಿಲ್ಲ. ಆಳುಗಳಿಗೆ ಕೂಲಿಯಾಗಿ, ಎತ್ತುಗಳಿಗೆ ಕುಡಿಯಲು, ಹಂದಿಗಳಿಗೆ ಮೇವಾಗಿ ಕೊಡಿಸುತ್ತದೆ. ರಾಜ್ಯ ಮದ್ಯದ ಮೇಲೆ ಹಿಡಿತ ಇಟ್ಟಿತ್ತು, ಜೊತೆಗೆ ಉಳಿಕೆಗೂ ಬೆಲೆ ಇದೆಯೆಂದು ಅದಕ್ಕೆ ಗೊತ್ತಿತ್ತು.

ದೂರದ ಅಮೆರಿಕೆಯ ಕೆಂಟಕಿಯಲ್ಲಿ ಇದೇ ತಿಳಿವಳಿಕೆ ಬೇರೆ ದಾರಿ ಹಿಡಿಯಿತು. ಹಂಡೆಯ ಉಳಿಕೆಯನ್ನು ಹೊಸ ಜೋಳದ ಗಂಜಿಗೆ ಸೇರಿಸುವ ‘ಸೋರ್ ಮ್ಯಾಶ್’ ವಿಧಾನದ ಹಳೆಯ ದಾಖಲೆಗಳಲ್ಲಿ ಒಂದು 1818ರದು. ಕ್ಯಾಥರೀನ್ ಕಾರ್ಪೆಂಟರ್ ಎಂಬ ಮಹಿಳೆ ತನ್ನ ಮನೆಯ ಭಟ್ಟಿಗಾಗಿ ಬರೆದಿಟ್ಟುಕೊಂಡದ್ದು. ಮುಂದೆ ಜೇಮ್ಸ್ ಕ್ರೋ ಎಂಬ ಸ್ಕಾಟ್ಲೆಂಡ್ ಮೂಲದ ವೈದ್ಯ ಅದನ್ನು ಅಳತೆಗೆ, ಶಿಸ್ತಿಗೆ ತಂದ. ಇವತ್ತು ಬರ್ಬನ್ ವಿಸ್ಕಿಯ ಬಾಟಲಿಯ ಮೇಲೆ ‘ಸೋರ್ ಮ್ಯಾಶ್’ ಎಂದು ಹೆಮ್ಮೆಯಿಂದ ಅಚ್ಚು ಹಾಕುತ್ತಾರೆ. ಅಲ್ಲಿ ಬಾಟಲಿಯ ಚೀಟಿಗೆ ಏರಿದ ಹುಳಿ ನೀರು ಇಲ್ಲಿ ಪಂಚನಾಮೆಗೆ ಇಳಿಯಿತು. ಈ ವ್ಯತ್ಯಾಸಕ್ಕೆ ಕಾರಣ ರುಚಿಯಲ್ಲ, ಕಾನೂನು.

ನಮ್ಮ ನಾಲ್ಕು ಊರುಗಳ ಮೇಲೆ ಆ ಕಾನೂನು ಒಂದೇ ರೀತಿ ಬೀಳಲೂ ಇಲ್ಲ. 1824ರ ಯುದ್ಧದ ನಂತರ ಕಿತ್ತೂರು ಸೀಮೆ ಕಂಪನಿಯ ಕೈಗೆ ಹೋಯಿತು. ಬೈಲಹೊಂಗಲ, ಕಿತ್ತೂರು ಎರಡೂ ಆಗಿನ ಸಂಪಗಾಂವ ತಾಲೂಕಿಗೆ ಸೇರಿದವು. ಸವದತ್ತಿ ಪರಸಗಡ ತಾಲೂಕಿನಲ್ಲಿತ್ತು. ಇವೆರಡರ ಮೇಲೂ 1878ರ ಮುಂಬೈ ಅಬಕಾರಿ ಕಾಯ್ದೆ ಬಂತು. ಪರವಾನಗಿ ಇಲ್ಲದೆ ಸಾರಾಯಿ ತೆಗೆಯುವುದಷ್ಟೇ ಅಲ್ಲ, ತೆಗೆಯುವ ಸಲಕರಣೆ ಇಟ್ಟುಕೊಳ್ಳುವುದೂ ಅಪರಾಧವಾಯಿತು. ರಾಮದುರ್ಗವಾದರೋ ಭಾವೆ ಮನೆತನದ ಸಂಸ್ಥಾನ. 1948ರಲ್ಲಿ ವಿಲೀನವಾಗುವವರೆಗೆ ಅದರ ಆಡಳಿತವೇ ಬೇರೆ. ಮಲಪ್ರಭೆಯ ಒಂದೇ ಬಯಲಿನಲ್ಲಿ ಎರಡು ಸರಕಾರಗಳ ಗಡಿ ಹಾದುಹೋಗಿತ್ತು.

ವಿಲೀನದ ಬೆನ್ನಿಗೇ 1949ರ ಮುಂಬೈ ಪಾನನಿಷೇಧ ಕಾಯ್ದೆ ನಾಲ್ಕೂ ಊರುಗಳನ್ನು ಒಂದು ಮಾಡಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1967ರಲ್ಲಿ ಪಾನನಿಷೇಧ ಹೋಗಿ ಗುತ್ತಿಗೆದಾರರ ಸಾರಾಯಿ ಅಂಗಡಿಗಳು ತೆರೆದವು. 2007ರ ಜುಲೈ 1ರಿಂದ ಸಾರಾಯಿಯೇ ನಿಷೇಧವಾಯಿತು. ಇಷ್ಟೆಲ್ಲ ತಿರುವುಗಳಲ್ಲಿ ಒಂದು ಮಾತ್ರ ಬದಲಾಗಲಿಲ್ಲ: ಮನೆಯ ಭಟ್ಟಿ ಯಾವಾಗಲೂ ಅಪರಾಧ.

ಉಳಿಕೆಯನ್ನು ಮುಂದಿನ ಸಲಕ್ಕೆ ಕಾದಿಡಬೇಕಾದರೆ ಮುಂದಿನ ಸಲವೊಂದು ಇದೆಯೆಂಬ ಭರವಸೆ ಬೇಕು. ಅದೇ ಮಡಕೆ, ಅದೇ ಜಾಗ, ಅದೇ ಕೈ ಬೇಕು. ಹಳ್ಳದ ದಂಡೆಯಲ್ಲಿ ರಾತ್ರೋರಾತ್ರಿ ಕಾಯಿಸಿ ಬೆಳಗಾಗುವಷ್ಟರಲ್ಲಿ ಜಾಗ ಬಿಡುವವರಿಗೆ ಅದು ಎಲ್ಲಿಂದ ಬರಬೇಕು? ಬೆಲ್ಲದಲ್ಲಿ ಹುದುಗಿಗೆ ಬೇಕಾದ ಸಾರಜನಕ ಕಡಿಮೆ. ಹಳೆಯ ಉಳಿಕೆ ಆ ಕೊರತೆಯನ್ನು ಒಂದಿಷ್ಟು ತುಂಬುತ್ತಿತ್ತು. ಅವಸರದ ಭಟ್ಟಿಯಲ್ಲಿ ಆ ಕೆಲಸವನ್ನು ಅಂಗಡಿಯ ನವಸಾಗರ ಮಾಡುತ್ತದೆ. ಇನ್ನೂ ಅವಸರದವರು ಹುಳಿಸುವುದನ್ನೇ ಬಿಟ್ಟು ಕಾರ್ಖಾನೆಯ ಸ್ಪಿರಿಟ್ಟಿಗೆ ನೀರು ಬೆರೆಸುತ್ತಾರೆ. ಆ ಸ್ಪಿರಿಟ್ಟಿನಲ್ಲಿ ಮೆಥೆನಾಲ್ ಇದ್ದರೆ ಏನಾಗುತ್ತದೆಂದು ಬೆಂಗಳೂರು 1981ರಲ್ಲಿ ನೋಡಿತು, ಸತ್ತವರು ಮುನ್ನೂರಕ್ಕೂ ಹೆಚ್ಚು. ಸಾರಾಯಿ ನಿಷೇಧದ ಮರುವರ್ಷ, 2008ರಲ್ಲಿ, ಕರ್ನಾಟಕ-ತಮಿಳುನಾಡು ಗಡಿಯ ಕಡೆ ಮತ್ತೆ ನೂರಕ್ಕೂ ಹೆಚ್ಚು ಜನ ಸತ್ತರು.

ಹಾಗೆಂದು ಮನೆಯ ಭಟ್ಟಿಯನ್ನು ಹೊಗಳಲು ನನಗೆ ಮನಸ್ಸಿಲ್ಲ. ಕೂಲಿಯ ದುಡ್ಡು ಸಾರಾಯಿಗೆ ಹೋಗಿ ಒಲೆ ಹಚ್ಚದ ಮನೆಗಳಿದ್ದವು. ಅಂಗಡಿ ಮುಚ್ಚಿಸಿ ಎಂದು ಬೀದಿಗಿಳಿದವರು ಆ ಮನೆಗಳ ಹೆಂಗಸರೇ. ಅವರ ಸಿಟ್ಟಿಗೆ ಚರಿತ್ರೆಯಲ್ಲಿ ಮೊದಲ ಜಾಗ ಸಲ್ಲಬೇಕು. ಆದರೆ ಕುಡಿತದ ಕೇಡನ್ನು ಒಪ್ಪಿಕೊಂಡ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಕಾಯ್ದೆ ನಿಲ್ಲಿಸಿದ್ದು ಏನನ್ನು? ಕುಡಿತ ನಿಲ್ಲಲಿಲ್ಲ. ನಿಂತದ್ದು ಕಾದು, ಮೂಸಿ, ಹುಳಿ ನೋಡಿ ಮಾಡುವ ಕೆಲಸ.

ಹಂಡೆಯ ಉಳಿಕೆ ಈ ಸೀಮೆಯಿಂದ ಹೋಗಿಯೂ ಇಲ್ಲ. ಸವದತ್ತಿ ತಾಲೂಕಿನ ಮುನವಳ್ಳಿಯಲ್ಲಿ ಸಕ್ಕರೆ ಕಾರ್ಖಾನೆಗೆ ಹೊಂದಿಕೊಂಡು ಡಿಸ್ಟಿಲರಿ ಇದೆ. ಕಾಕಂಬಿಯಿಂದ ಒಂದು ಲೀಟರ್ ಸ್ಪಿರಿಟ್ ತೆಗೆದರೆ ಸುಮಾರು 8ರಿಂದ 15 ಲೀಟರ್ ಕಪ್ಪು ನೀರು ಉಳಿಯುವುದು ಈ ಉದ್ಯಮದ ಲೆಕ್ಕ. ಅದಕ್ಕೆ ‘ಸ್ಪೆಂಟ್ ವಾಶ್’ ಎಂದು ಹೆಸರು. ಅದನ್ನು ಹೊಳೆಗೆ ಬಿಡುವಂತಿಲ್ಲ. ಡಿಸ್ಟಿಲರಿಗಳು ಅದರಿಂದ ಗ್ಯಾಸ್ ತೆಗೆಯುತ್ತವೆ, ಗೊಬ್ಬರ ಮಾಡುತ್ತವೆ, ಒಂದು ಪಾಲನ್ನು ಹೊಸ ಕಾಕಂಬಿಗೆ ಮರಳಿಸುವುದೂ ಉಂಟು. ಕೆಂಟಕಿಯ ಹೆಂಗಸು ಬರೆದಿಟ್ಟ ಕೆಲಸವೇ ಇದು, ಈಗ ನೀರು ಉಳಿಸುವ ತಂತ್ರಜ್ಞಾನವಾಗಿ ಬಂದಿದೆ.

ಒಂದೇ ದ್ರವ ಒಂದು ಕಡೆ ಪರಂಪರೆ, ಒಂದು ಕಡೆ ತಂತ್ರಜ್ಞಾನ, ಒಂದು ಕಡೆ ಅಪರಾಧದ ಸಾಕ್ಷಿ. ಯಾವುದಾಗಬೇಕೆಂಬುದನ್ನು ತೀರ್ಮಾನಿಸಿದ್ದು ಹಂಡೆ ಯಾರದು ಎಂಬ ಸಂಗತಿ. ಅಬಕಾರಿಯ ಚರಿತ್ರೆಯನ್ನು ನಾವು ಈವರೆಗೆ ಹರಾಜು, ವರಮಾನ, ಪಾನನಿಷೇಧಗಳ ಕಡೆಯಿಂದ ಓದಿದ್ದೇವೆ. ಇನ್ನು ಮುಂದೆ ‘ಸ್ಥಳದಲ್ಲೇ ನಾಶ’ ಎಂಬ ಸಾಲಿನ ಕಡೆಯಿಂದಲೂ ಓದಬೇಕು.