ತಲಪರಿಗೆಯಿಂದ ಕೊಳವೆಬಾವಿಗೆ: ನೀರು, ಮೂಳೆ ಮತ್ತು ನರ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲೂಕುಗಳ ಒಣಸೀಮೆ ಬಹುಕಾಲ ನೆಲದ ಮೇಲ್ಪದರದ ನೀರನ್ನೇ ನೆಚ್ಚಿ ಬದುಕಿದ ಪ್ರದೇಶ. ಕೆರೆ ಮತ್ತು ತೆರೆದ ಬಾವಿಗಳ ಜೊತೆಗೆ ಇಲ್ಲಿ ತಲಪರಿಗೆ ಎಂಬ ವಿಶಿಷ್ಟ ಜಲಮೂಲವಿತ್ತು. ಕೆಲವೇ ಅಡಿ ಆಳದಲ್ಲಿ ಒಸರುವ ಊಟೆಯನ್ನು ಗುರುತಿಸಿ, ಆ ಜಾಗವನ್ನು ಅಗೆದು, ಮೇಲೆತ್ತುವ ಶ್ರಮವಿಲ್ಲದೆ ನೀರನ್ನು ಕಾಲುವೆಯ ಮೂಲಕ ತಗ್ಗಿನ ಗದ್ದೆಗೆ ಹರಿಸುವ ಏರ್ಪಾಡು ಅದು. ಕಾಲುವೆಯ ಹೂಳನ್ನು ಊರವರೇ ಎತ್ತುತ್ತಿದ್ದರು. ಕುಡಿಯಲೂ ಅದೇ ನೀರು ಒದಗುತ್ತಿತ್ತು. ಮಳೆಯಿಂದ ಹೊಸದಾಗಿ ಇಂಗಿದ ನೀರು ಬಂಡೆಯೊಡನೆ ಕಳೆಯುವ ಕಾಲ ಅಲ್ಪವಾದ್ದರಿಂದ ಅದರಲ್ಲಿ ಕರಗಿದ ಖನಿಜಾಂಶವೂ ಸಾಮಾನ್ಯವಾಗಿ ಅಲ್ಪವೇ.

ಈ ವ್ಯವಸ್ಥೆ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕುಸಿಯಿತು. 1966-67ರ ಉತ್ತರ ಭಾರತದ ಬರದ ಹೊತ್ತಿಗೆ ಯುನಿಸೆಫ್ ಗಟ್ಟಿ ಬಂಡೆಯನ್ನು ಕೊರೆಯುವ ಯಂತ್ರಗಳನ್ನು ದೇಶಕ್ಕೆ ತಂದಿತು. ಮುಂದಿನ ದಶಕದಲ್ಲಿ ಇಂಡಿಯಾ ಮಾರ್ಕ್-2 ಕೈಪಂಪು ರೂಪುಗೊಂಡಿತು. ಅದರ ಬೆನ್ನಿಗೇ ವಿದ್ಯುತ್ ಪಂಪಿನ ನೀರಾವರಿಯೂ ಹಬ್ಬಿ, ಬೋರುಗಳು ಆಳಕ್ಕಿಳಿದಂತೆ ಮೇಲಿನ ಊಟೆಗಳು ಬತ್ತಿದವು. ಕಾಲರಾ, ನಾರುಹುಣ್ಣಿನಂಥ ರೋಗಗಳಿಂದ ಜನರನ್ನು ಕಾಯಲು ಕೊಳವೆಬಾವಿಯೇ ಆಗ ಸುರಕ್ಷಿತ ದಾರಿಯಾಗಿತ್ತೆಂಬುದನ್ನು ಮರೆಯಲಾಗದು. ಆದರೆ ಈ ಸೀಮೆಯ ತಳದಲ್ಲಿರುವ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಟ್, ಅಪಟೈಟ್, ಬಯೊಟೈಟ್ ಮೊದಲಾದ ಫ್ಲೋರಿನ್‌ಯುಕ್ತ ಖನಿಜಗಳಿದ್ದು, ಕ್ಯಾಲ್ಸಿಯಂ ಕಡಿಮೆಯಿರುವ ಕ್ಷಾರೀಯ ನೀರು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತಾಗ ಫ್ಲೋರೈಡ್ ಅದರಲ್ಲಿ ಕರಗುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹ್ಯ. ಪಾವಗಡದ ಅನೇಕ ಊರುಗಳ ನೀರು ಈ ಗೆರೆಯನ್ನು ದಾಟಿತ್ತು.

ಹಾಗೆಂದು ಬೋರೊಂದನ್ನೇ ಹೊಣೆಯಾಗಿಸುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ. ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಎಚ್. ಇ. ಶಾರ್ಟ್, ಸಿ. ಜಿ. ಪಂಡಿತ್ ಮತ್ತು ಟಿ. ಎನ್. ಎಸ್. ರಾಘವಾಚಾರಿ ಅವರು ಫ್ಲೋರೈಡ್ ಅತಿಯಾದಾಗ ಬರುವ ಫ್ಲೋರೋಸಿಸ್ ರೋಗವನ್ನು 1937ರಲ್ಲೇ ವಿವರಿಸಿದ್ದರು. ಆಗಿನ್ನೂ ಕೊಳವೆಬಾವಿಯ ಯುಗ ಆರಂಭವಾಗಿರಲಿಲ್ಲ. ಆಳದ ನೀರು ಮಾಡಿದ್ದೇನೆಂದರೆ ಅಲ್ಲಲ್ಲಿ ಇದ್ದ ತೊಂದರೆಯನ್ನು ಊರೂರಿಗೆ ಹರಡಿದ್ದು.

ದೇಹದೊಳಗೆ ಈ ನೀರು ನಡೆಸುವ ಕೆಲಸವನ್ನು ತಿಳಿಯಲು ಕ್ಯಾಲ್ಸಿಯಮ್ಮಿನ ಆಡಳಿತವನ್ನು ನೋಡಬೇಕು. ನರಗಳು ಸಂದೇಶ ಸಾಗಿಸುವುದಕ್ಕೂ ಸ್ನಾಯುಗಳು ಸಂಕೋಚಿಸುವುದಕ್ಕೂ ರಕ್ತದ ಕ್ಯಾಲ್ಸಿಯಂ ಕಿರಿದಾದ ಮಿತಿಯೊಳಗೆ, ನೂರು ಮಿಲಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂನಷ್ಟು, ಇರಲೇಬೇಕು. ಅದು ತಗ್ಗಿದರೆ ನರಗಳು ಅತಿಯಾಗಿ ಕೆರಳಿ ಕೈಕಾಲು ಸೆಳೆಯುತ್ತವೆ. ಈ ಮಿತಿಯನ್ನು ಕಾಯುವುದು ಕೊರಳಿನ ಥೈರಾಯ್ಡ್ ಗ್ರಂಥಿಯ ಹಿಂಬದಿಗೆ ಅಂಟಿಕೊಂಡಿರುವ, ಸಾಮಾನ್ಯವಾಗಿ ನಾಲ್ಕಿರುವ, ಕಾಳಿನಷ್ಟು ಚಿಕ್ಕ ಪ್ಯಾರಾಥೈರಾಯ್ಡ್ ಗ್ರಂಥಿಗಳು. ಸ್ವೀಡನ್ನಿನ ಐವಾರ್ ಸ್ಯಾಂಡ್‌ಸ್ಟ್ರೋಮ್ 1880ರಲ್ಲಿ ಇವನ್ನು ಮನುಷ್ಯರಲ್ಲಿ ವಿವರಿಸಿದನು. ಇವುಗಳ ಹಾರ್ಮೋನಿನ, ಅಂದರೆ ರಕ್ತದಲ್ಲಿ ಹರಿದು ದೂರದ ಅಂಗಗಳಿಗೆ ಆಜ್ಞೆ ಮುಟ್ಟಿಸುವ ರಾಸಾಯನಿಕದ, ಪರಿಣಾಮಕಾರಿ ಸಾರವನ್ನು ಜೇಮ್ಸ್ ಕಾಲಿಪ್ 1925ರಲ್ಲಿ ಪಡೆದನು. ಕ್ಯಾಲ್ಸಿಯಂ ಇಳಿದೊಡನೆ ಈ ಹಾರ್ಮೋನು ಮೂಳೆಯಿಂದ ಅದನ್ನು ಬಿಡಿಸುತ್ತದೆ, ಮೂತ್ರಪಿಂಡದಲ್ಲಿ ಸೋರಿಕೆಯನ್ನು ತಡೆಯುತ್ತದೆ, ವಿಟಮಿನ್ ಡಿಯನ್ನು ಸಕ್ರಿಯಗೊಳಿಸಿ ಕರುಳಿನ ಹೀರಿಕೆಯನ್ನೂ ಹೆಚ್ಚಿಸುತ್ತದೆ.

ಫ್ಲೋರೈಡ್ ಈ ವ್ಯವಸ್ಥೆಯನ್ನು ಮುರಿಯುವುದಿಲ್ಲ, ಬಿಡುವಿಲ್ಲದೆ ದುಡಿಸುತ್ತದೆ. ಅದು ಮೂಳೆಯ ಹರಳಿನೊಳಗೆ ಸೇರಿ ಅದನ್ನು ಸುಲಭವಾಗಿ ಕರಗದಂತೆ ಮಾಡುತ್ತದೆ, ಜೊತೆಗೆ ಹೊಸ ಮೂಳೆಯ ರಚನೆಯನ್ನು ಕೆರಳಿಸಿ ಕ್ಯಾಲ್ಸಿಯಮ್ಮನ್ನು ಅತ್ತ ಸೆಳೆಯುತ್ತದೆ. ಆಗ ರಕ್ತದ ಮಟ್ಟವನ್ನು ಉಳಿಸಲು ಪ್ಯಾರಾಥೈರಾಯ್ಡ್ ಹೆಚ್ಚೆಚ್ಚು ಸ್ರವಿಸಬೇಕಾಗುತ್ತದೆ. ಉತ್ತರ ಭಾರತದ ಫ್ಲೋರೋಸಿಸ್ ರೋಗಿಗಳಲ್ಲಿ ಈ ಅತಿಸ್ರಾವವನ್ನು ತಿಯೋಟಿಯಾ ದಂಪತಿ 1973ರಲ್ಲಿ ವರದಿ ಮಾಡಿದರು. ಆಹಾರದ ಕ್ಯಾಲ್ಸಿಯಂ ಕಡಿಮೆಯಿದ್ದಷ್ಟೂ ಹಾನಿ ಹೆಚ್ಚು. ನೂರು ಗ್ರಾಮಿನಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇರುವ ರಾಗಿ ಈ ಸೀಮೆಯ ಅನ್ನವಾಗಿದ್ದುದು ಒಂದಿಷ್ಟು ಆಸರೆಯಾಗಿರಬಹುದು. ಆದರೆ ಮುದ್ದೆಗೆ ಎಸರಿಟ್ಟದ್ದೂ ಅದೇ ಬೋರಿನ ನೀರು, ಬಿಸಿಲಲ್ಲಿ ದುಡಿಯುವವರು ಕುಡಿಯುತ್ತಿದ್ದುದೂ ಹೆಚ್ಚು.

ರೋಗದ ಕೊನೆಯ ಹಂತದಲ್ಲಿ ಪೆಟ್ಟು ಬೀಳುವುದು ನರಮಂಡಲಕ್ಕೆ. ಬೆನ್ನುಮೂಳೆಯ ಕಟ್ಟುನಾರುಗಳು ಮೂಳೆಯಾಗಿ ಬಲಿತು, ಬೆನ್ನುಹುರಿ ಸಾಗುವ ಕೊಳವೆ ಕಿರಿದಾಗಿ, ಮಿದುಳಿನ ಆಜ್ಞೆ ಕಾಲಿಗೆ ತಲುಪದೆ ನಡಿಗೆ ಬಿಗಿಯುತ್ತದೆ. ಮಕ್ಕಳ ಹಲ್ಲಿನ ಕಂದು ಪಟ್ಟೆ ಬೇಗ ಕಣ್ಣಿಗೆ ಬೀಳುತ್ತದೆ. ನಡುವಯಸ್ಸಿನವರ ಬಾಗಿದ ಬೆನ್ನು ಮಾತ್ರ ವಾಯು, ದುಡಿಮೆಯ ಆಯಾಸ, ಮುಪ್ಪು ಎಂಬ ಹೆಸರುಗಳಲ್ಲಿ ಸುಲಭವಾಗಿ ಮರೆಯಾಗುತ್ತದೆ.

ಪರಿಹಾರವಾಗಿ 1970ರ ದಶಕದಲ್ಲಿ ನಾಗಪುರದ ನೀರಿ ಸಂಸ್ಥೆ ಪಟಿಕ ಮತ್ತು ಸುಣ್ಣ ಬಳಸುವ ನಲ್ಗೊಂಡ ವಿಧಾನವನ್ನು ರೂಪಿಸಿತು. 2008-09ರಲ್ಲಿ ಕೇಂದ್ರ ಸರ್ಕಾರದ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮ ಮೊದಲಾಯಿತು. ಪಾವಗಡ ಸೀಮೆಯ ಊರುಗಳಿಗೆ ಶುದ್ಧ ನೀರಿನ ಘಟಕಗಳೂ ಬಂದವು. ಆದರೆ ನಾಣ್ಯ ಹಾಕಿ ತುಂಬಿಸಿಕೊಂಡ ಕ್ಯಾನಿನ ನೀರನ್ನು ಕುಡಿಯಲಷ್ಟೇ ಇಟ್ಟುಕೊಂಡು ಅಡುಗೆಗೆ ಬೋರಿನ ನೀರನ್ನೇ ಬಳಸಿದರೆ ಫ್ಲೋರೈಡಿನ ಒಂದು ಪಾಲು ಒಳಸೇರುತ್ತಲೇ ಇರುತ್ತದೆ. ನೀರು ಪೂರ್ತಿ ಬದಲಾದ ಮೇಲೂ ಮೂಳೆಯಲ್ಲಿ ಕೂಡಿಕೊಂಡದ್ದು ವರ್ಷಗಳ ಕಾಲ ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಮರಳಿ ಮೂತ್ರದಲ್ಲಿ ಹೊರಬೀಳುವುದರಿಂದ, ರೋಗಿಯ ಮೂತ್ರದಲ್ಲಿ ಕಾಣುವ ಫ್ಲೋರೈಡ್ ಇಂದಿನ ನೀರಿನದೋ ಹಿಂದೆ ಕುಡಿದದ್ದೋ ಎಂಬುದನ್ನು ವೈದ್ಯರು ಆ ಮನೆಯ ನೀರನ್ನೂ ಪರೀಕ್ಷಿಸಿಯೇ ನಿರ್ಧರಿಸಬೇಕಾಗುತ್ತದೆ.