ಏರಿ ಮೇಲಿನ ದಾರಿ

ಫ್ರಾನ್ಸಿನಲ್ಲಿ ಲುವಾರ್ ನದಿಗುಂಟ ಒಂದು ಸೈಕಲ್ ದಾರಿ ಇದೆ. ಹತ್ತಿರ ಹತ್ತಿರ 900 ಕಿಲೋಮೀಟರ್, ಕೊನೆಗೆ ಅಟ್ಲಾಂಟಿಕ್ ಸಮುದ್ರಕ್ಕೆ ಹೋಗಿ ಮುಟ್ಟುತ್ತೆ. ದಾರಿಯುದ್ದಕ್ಕೂ ಅರಮನೆಗಳು, ಹಳೇ ಪೇಟೆಗಳು, ದ್ರಾಕ್ಷಿ ತೋಟಗಳು. ನಮ್ಮ ಆಫೀಸಿನಿಂದ ಆನ್‌ಸೈಟ್ ಹೋದವರು ಯಾರಾದ್ರೂ ಅಲ್ಲಿ ನಾಲ್ಕು ದಿನ ಸೈಕಲ್ ತುಳಿದು ಬಂದರೆ ಮುಗೀತು, ಆರು ತಿಂಗಳು ಕಾಫಿ ಮಷೀನಿನ ಹತ್ತಿರ ಅದೇ ಮಾತು. ಅವರ ಫೋಟೋಗಳಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಅರಮನೆಗಳಲ್ಲ, ದಾರಿ. ಬಹಳ ಕಡೆ ಅದು ಸಾಗುವುದು ಏರಿಯ ಮೇಲೆ. ಹೊಳೆ ಉಕ್ಕಿ ಊರಿಗೆ ನುಗ್ಗದಿರಲಿ ಅಂತ ನೂರಾರು ವರ್ಷಗಳಿಂದ ದಂಡೆಗುಂಟ ಕಟ್ಟುತ್ತಾ ಬಂದ ಏರಿ ಅದು.

ದೊಡ್ಡಬಳ್ಳಾಪುರದ ಕಡೆ ಹುಟ್ಟಿ ಬೆಳೆದವನಿಗೆ ಏರಿ ಅಂದ್ರೆ ಹೊಸದೇನಲ್ಲ. ನಾವು ಹೈಸ್ಕೂಲಿಗೆ ಹೋಗಿದ್ದೇ ಕೆರೆ ಏರಿ ಮೇಲೆ, ಅಪ್ಪನ ಸೈಕಲ್ಲಿನಲ್ಲಿ ಒಳಪೆಡಲ್ ಹೊಡ್ಕೊಂಡು. ಒಂದೇ ವ್ಯತ್ಯಾಸ. ಅವರು ಏರಿ ಕಟ್ಟಿದ್ದು ನೀರು ಒಳಗೆ ಬರದಿರಲಿ ಅಂತ. ನಮ್ಮವರು ಕಟ್ಟಿದ್ದು ಬಂದ ನೀರು ಹೋಗದಿರಲಿ ಅಂತ. ಈ ಜಿಲ್ಲೆಯ ಇತಿಹಾಸವೆಲ್ಲಾ ಆ ಎರಡನೇ ವಾಕ್ಯದಲ್ಲೇ ಇದೆ ಅನ್ನೋದು, ಅರ್ಕಾವತಿ ಮತ್ತು ದಕ್ಷಿಣ ಪಿನಾಕಿನಿಯ ಜಾಡು ಹಿಡಿದು ಕೆಲವು ಭಾನುವಾರ ಸೈಕಲ್ ತುಳಿದ ಮೇಲೆ ನನಗೆ ಬಂದ ಅಭಿಪ್ರಾಯ.

ಇದನ್ನು ಓದುವವರಲ್ಲಿ ಎಷ್ಟೋ ಜನ ಸೈಕಲ್ಲಿನಲ್ಲಿ ನಂದಿ ಬೆಟ್ಟ ಹತ್ತಿರ್ತೀರಿ. ಹೆಲ್ಮೆಟ್ಟು, ಗ್ಲೌಸು, ಇಳಿದ ಮೇಲೆ ತಟ್ಟೆ ಇಡ್ಲಿ. ಆದರೆ ಹೈವೇಯಲ್ಲಿ ಹೋಗಿ ಹೈವೇಯಲ್ಲೇ ಬಂದರೆ ನದಿ ಸಿಗೋದಿಲ್ಲ. 1478 ಮೀಟರ್ ಎತ್ತರದ ಆ ಬೆಟ್ಟಸಾಲಿನಲ್ಲಿ ಹುಟ್ಟುವ ಮೂರು ನದಿಗಳು ಮೂರು ದಾರಿ ಹಿಡೀತವೆ. ಅರ್ಕಾವತಿ ದೊಡ್ಡಬಳ್ಳಾಪುರ, ಹೆಸರಘಟ್ಟ, ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಗೆ ಸೇರುತ್ತೆ. ದಕ್ಷಿಣ ಪಿನಾಕಿನಿ ಹೊಸಕೋಟೆ ಮೇಲೆ ಹಾದು ಹೊಸೂರಿಗೆ, ಅಲ್ಲಿಂದ ಕಡಲೂರಿನ ಹತ್ತಿರ ಸಮುದ್ರಕ್ಕೆ. ಉತ್ತರ ಪಿನಾಕಿನಿ ಆಂಧ್ರದ ಕಡೆಗೆ. ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವಾಗ ನೀವು ಕಾವೇರಿಯ ಸೀಮೆ ಬಿಟ್ಟು ಪಿನಾಕಿನಿಯ ಸೀಮೆಗೆ ಕಾಲಿಡ್ತೀರಿ. ನಡುವಿನ ದಿಣ್ಣೆ ಕಾರಿನಲ್ಲಿ ಹೋದರೆ ಗೊತ್ತೇ ಆಗಲ್ಲ. ಗೇರಿಲ್ಲದ ಸೈಕಲ್ಲಿನಲ್ಲಿ ಹೋಗಿ ನೋಡಿ, ತೊಡೆಗೆ ಗೊತ್ತಾಗುತ್ತೆ.

ಬೆಟ್ಟ ಇಳಿದು ಅರ್ಕಾವತಿ ಎಲ್ಲಿ ಅಂತ ಕೇಳಿದರೆ ಜನ ನಗ್ತಾರೆ. ‘ನದಿ ಎಲ್ಲೈತಪ್ಪಾ, ಕೆರೆ ಐತೆ’ ಅಂತಾರೆ. ಅವರ ಮಾತು ಸರಿಯೇ. ಅರ್ಕಾವತಿ ಇಲ್ಲಿ ಒಂದು ಹೊಳೆ ಅನ್ನೋದಕ್ಕಿಂತ ಒಂದರ ಕೋಡಿ ಇನ್ನೊಂದರ ಬಾಯಿಗೆ ಬೀಳುವ ಕೆರೆಗಳ ಸರಪಳಿ. ದೊಡ್ಡಬಳ್ಳಾಪುರದ ನಾಗರಕೆರೆ, ಕೆಳಗೆ ದೊಡ್ಡತುಮಕೂರು, ಕಾಕೋಳು, ಬ್ಯಾತ, ಆಮೇಲೆ ಹೆಸರಘಟ್ಟ. ಮೇಲಿನ ಕೆರೆ ತುಂಬಿ ಕೋಡಿ ಹೋದರಷ್ಟೇ ಕೆಳಗಿನ ಊರಿಗೆ ನೀರು. ತೂಬು ಎತ್ತುವುದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡುವುದು ನೀರಗಂಟಿಯ ಕೆಲಸ. ಅವನಿಗೆ ಸುಗ್ಗಿಯಲ್ಲಿ ಧಾನ್ಯದ ಪಾಲು. ಏರಿ, ತೂಬು, ಕೋಡಿ, ಅಚ್ಚುಕಟ್ಟು ಈ ನಾಲ್ಕು ಪದ ಗೊತ್ತಿದ್ದರೆ ಸಾಕು, ಯಾವ ಊರಿಗೆ ಹೋದರೂ ಊರಿನ ನಕ್ಷೆ ತಲೆಯಲ್ಲಿ ಮೂಡುತ್ತೆ. ಊರ ಹೆಸರುಗಳೂ ಅದನ್ನೇ ಹೇಳ್ತವೆ. ಕೆರೆ, ಕುಂಟೆ, ಕಟ್ಟೆ ಅಂತ ಕೊನೆಯಾಗುವ ಊರುಗಳು ಲೆಕ್ಕವಿಲ್ಲದಷ್ಟು. ‘ಸಂದ್ರ’ ಅಂತ ಬಂದರೆ ಅದು ‘ಸಮುದ್ರ’ ಸವೆದು ಆದದ್ದು. ಕಡಲನ್ನೇ ಕಾಣದ ಜನ ತಮ್ಮ ಕೆರೆಗೆ ಸಮುದ್ರ ಅಂತ ಹೆಸರಿಟ್ಟುಕೊಂಡರು.

ಇದು ಎಷ್ಟು ಹಳೇದು? ಗಂಗರ ಕಾಲದ ಶಾಸನಗಳಲ್ಲೇ ‘ಬಿತ್ತುವಟ್ಟ’ ಅನ್ನೋ ಪದ ಬರುತ್ತೆ. ಕೆರೆ ಕಟ್ಟಿಸಿದವರಿಗೆ, ನೋಡಿಕೊಂಡವರಿಗೆ ಕೊಡುತ್ತಿದ್ದ ಜಮೀನು ಅದು. ಆ ಗಂಗರಿಗೆ ಎಂಟನೇ ಶತಮಾನದಲ್ಲಿ, ಶ್ರೀಪುರುಷನ ಕಾಲದಲ್ಲಿ, ಮಾನ್ಯಪುರ ರಾಜಧಾನಿಯಾಗಿತ್ತು. ಅದೇ ಈಗಿನ ನೆಲಮಂಗಲ ತಾಲ್ಲೂಕಿನ ಮಣ್ಣೆ. ತ್ಯಾಮಗೊಂಡ್ಲು ಕಡೆಯಿಂದ ಹೋದರೆ ಒಂದು ಸಾಧಾರಣ ಹಳ್ಳಿ, ಅದರ ನಡುವೆ ಹಳೇ ಗುಡಿಗಳು. ಅಲ್ಲಿ ಸಿಕ್ಕ ತಾಮ್ರಪಟಗಳು 797 ಮತ್ತು 802ನೇ ಇಸವಿಯವು. ಇನ್ನೂ ಹಿಂದೆ ಹೋಗಬೇಕಾದರೆ ದೊಡ್ಡಬಳ್ಳಾಪುರದ ಪಕ್ಕದ ರಾಜಘಟ್ಟಕ್ಕೆ ಹೋಗಬೇಕು. 2001 ಮತ್ತು 2004ರಲ್ಲಿ ಮೈಸೂರು ವಿಶ್ವವಿದ್ಯಾಲಯದವರು ಅಲ್ಲಿ ಅಗೆದಾಗ ಬೌದ್ಧರ ಚೈತ್ಯ, ವಿಹಾರ ಸಿಕ್ಕವು. ಜೊತೆಗೆ ಅಂಗೈಯಲ್ಲಿ ಹಿಡಿಯುವಂಥ ಮಣ್ಣಿನ ಪುಟ್ಟ ಪುಟ್ಟ ಸ್ತೂಪಗಳು, ಅವುಗಳ ಹೊಟ್ಟೆಯೊಳಗೆ ಬುದ್ಧವಚನ ಒತ್ತಿದ ಮಣ್ಣಿನ ಬಿಲ್ಲೆಗಳು. ಹರಕೆಗೆ ಅರ್ಪಿಸಿದ್ದು. ರಾಜರ ಹೆಸರಿರುವ ಶಾಸನಕ್ಕಿಂತ ನನಗೆ ಈ ಬಿಲ್ಲೆಗಳೇ ಹೆಚ್ಚು ಇಷ್ಟ. ಯಾರೋ ಹೆಸರಿಲ್ಲದವರು ಇಲ್ಲಿನ ಮಣ್ಣನ್ನೇ ಕಲಸಿ ಮಾಡಿದ್ದು ಅವು.

ಕೋಟೆಗಳ ವಿಷಯ ಬೇಗ ಮುಗಿಸ್ತೀನಿ. ದೇವನಹಳ್ಳಿಯಲ್ಲಿ 1501ರಲ್ಲಿ ಮಲ್ಲಬೈರೇಗೌಡ ಮಣ್ಣಿನ ಕೋಟೆ ಕಟ್ಟಿದ. 1749ರಲ್ಲಿ ಮೈಸೂರಿನವರು ಅದನ್ನು ಗೆದ್ದರು. ಹೈದರಾಲಿ ಮೊದಲು ಹೆಸರು ಮಾಡಿದ್ದು ಆ ಮುತ್ತಿಗೆಯಲ್ಲೇ. ಮುಂದಿನ ವರ್ಷ ಟಿಪ್ಪು ಅಲ್ಲೇ ಹುಟ್ಟಿದ. ಕಲ್ಲಿನ ಗೋಡೆ ಆಮೇಲಿನದು. 1791ರಲ್ಲಿ ಕಾರ್ನ್‌ವಾಲಿಸ್ ಬಂದ, ಅದೇ ಅಕ್ಟೋಬರಿನಲ್ಲಿ ನಂದಿದುರ್ಗವೂ ಹೋಯಿತು. ಲುವಾರ್ ದಂಡೆಯ ಆಂಬ್ವಾಜ್ ಎಂಬ ಊರಲ್ಲಿ ಲಿಯೊನಾರ್ಡೊ ಡಾ ವಿಂಚಿ ತೀರಿಕೊಂಡದ್ದು 1519ರಲ್ಲಿ. ಅಂದ್ರೆ ನಮ್ಮ ಮಣ್ಣಿನ ಕೋಟೆ ಆಗ ಹದಿನೆಂಟು ವರ್ಷದ್ದು. ಅಲ್ಲಿಗೆ ಜನ ಟಿಕೆಟ್ ತಗೊಂಡು ಕ್ಯೂ ನಿಲ್ತಾರೆ. ಇಲ್ಲಿ ಕೋಟೆ ಬಾಗಿಲೊಳಗೆ ಆಟೋ ಹೋಗುತ್ತೆ, ಒಳಗೆ ಜನ ಸಂಸಾರ ಮಾಡಿಕೊಂಡಿದ್ದಾರೆ. ನನ್ನ ಕೇಳಿದ್ರೆ ಅದೇನೂ ಕೆಟ್ಟದ್ದಲ್ಲ.

ನಿಜವಾದ ಕಥೆ ಇರೋದು ಹೆಸರಘಟ್ಟದಲ್ಲಿ. ಅದು ಗ್ರಾಮಾಂತರ ಜಿಲ್ಲೆಯ ಗಡಿ ದಾಟಿದ ಕೂಡಲೇ ಸಿಗುವ ಊರು, ಆದರೆ ಅಲ್ಲಿಗೆ ಬರುವ ನೀರು ನಮ್ಮದು. ಹತ್ತೊಂಬತ್ತನೇ ಶತಮಾನದ ಕೊನೆಯವರೆಗೂ ಬೆಂಗಳೂರು ತನ್ನ ಕೆರೆ ಬಾವಿಗಳ ನೀರನ್ನೇ ಕುಡೀತಿತ್ತು. ಧರ್ಮಾಂಬುಧಿ, ಸಂಪಂಗಿ, ಹಲಸೂರು, ಸ್ಯಾಂಕಿ ಕೆರೆಗಳು. ಊರು ಬೆಳೆದಂತೆ ಅದು ಸಾಲಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ಹೆಸರಘಟ್ಟದ ಕೆರೆಯನ್ನು ದೊಡ್ಡ ಜಲಾಶಯ ಮಾಡಿ ಅರ್ಕಾವತಿಯನ್ನು ನಗರಕ್ಕೆ ತಿರುಗಿಸಿದರು. ನೀರು ಇಟ್ಟಿಗೆಯ ಕಾಲುವೆಯಲ್ಲಿ ತಾನಾಗೇ ಹರಿದು ಸೋಲದೇವನಹಳ್ಳಿ ಕಡೆಗೆ ಹೋಗ್ತಿತ್ತು, ಅಲ್ಲಿ ಉಗಿಯಂತ್ರಗಳು ಅದನ್ನು ಎತ್ತಿ ದಿಣ್ಣೆಯ ಮೇಲಿದ್ದ ಬೆಂಗಳೂರಿಗೆ ತಳ್ಳುತ್ತಿದ್ದವು. ಆ ಇಟ್ಟಿಗೆ ಕಾಲುವೆಯ ಅವಶೇಷ ಈಗಲೂ ಇದೆ. ಎಷ್ಟು ಹದವಾಗಿ ಇಳಿಜಾರು ಕೊಟ್ಟಿದ್ದಾರೆ ಅಂದ್ರೆ ಬಿಇ ಓದಿದವನಿಗೆ ಹೊಟ್ಟೆಕಿಚ್ಚಾಗುತ್ತೆ. ಅದೂ ಸಾಲದೇ ಹೋದಾಗ 1933ರಲ್ಲಿ, ಶಿವಗಂಗೆಯ ಕಡೆಯಿಂದ ನೆಲಮಂಗಲದ ಮೇಲೆ ಬರುವ ಕುಮುದ್ವತಿ ಅರ್ಕಾವತಿಗೆ ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ ಇನ್ನೊಂದು ಅಣೆಕಟ್ಟು.

ಹೀಗೆ ನೋಡಿದರೆ ಬೆಂಗಳೂರಿನ ಮೊದಲ ನಲ್ಲಿ ನೀರು ನಮ್ಮ ಕೆರೆಗಳ ಕೋಡಿ ನೀರು. ಧರ್ಮಾಂಬುಧಿ ಬಸ್ ಸ್ಟ್ಯಾಂಡಾಯಿತು, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಮ್ಮಾಯಿತು. ದೂರದ ನೀರು ನಲ್ಲಿಗೆ ಬಂದ ಮೇಲೆ ಮನೆ ಮುಂದಿನ ಕೆರೆ ಯಾರಿಗೆ ಬೇಕು?

ಆಮೇಲೆ ನದಿಯೇ ಒಣಗಿತು. ಮಳೆ ಕಮ್ಮಿಯಾಯಿತು ಅಂತ ಎಲ್ಲರೂ ಅಂತಾರೆ, ನಾನೂ ಅಂದುಕೊಂಡಿದ್ದೆ. ಏಟ್ರೀ ಸಂಸ್ಥೆಯ ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೇಲೆ ಮತ್ತಿತರರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಹೇಳುತ್ತೆ. ಈ ಒಣಗುವಿಕೆಯನ್ನು ವಿವರಿಸುವಷ್ಟು ಮಳೆ ಕಮ್ಮಿಯಾಗಿಲ್ಲ. ಹೆಚ್ಚು ಸಂಭವನೀಯ ಕಾರಣ ಅಂತರ್ಜಲ ಎತ್ತಿದ್ದು ಮತ್ತು ನೀಲಗಿರಿ ತೋಪುಗಳು. ಸಾವಿರ ಅಡಿ ಬೋರ್‌ವೆಲ್ ನಮ್ಮ ಕಡೆ ಈಗ ಸುದ್ದಿಯೇ ಅಲ್ಲ. ನೀಲಗಿರಿಯ ವಿಷಯ ಮಾತ್ರ ವಿಚಿತ್ರ. ಈ ಮರ ಭಾರತಕ್ಕೆ ಮೊದಲು ಬಂದದ್ದು 1790ರ ಸುಮಾರಿಗೆ, ನಂದಿ ಬೆಟ್ಟದ ತೋಟಕ್ಕೆ, ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವಿನ ಕಾಲದಲ್ಲಿ ಅಂತಾರೆ. ನದಿ ಹುಟ್ಟುವ ಜಾಗಕ್ಕೇ ಬಂತು ನೋಡಿ. ಆದರೆ ಹೊಲಗಳಿಗೆ ಇಳಿದದ್ದು ನಮ್ಮ ಅಪ್ಪ, ಅಜ್ಜಂದಿರ ಕಾಲದಲ್ಲಿ. ಮಕ್ಕಳು ಓದಿ ಬೆಂಗಳೂರಿಗೆ ಹೋದರು, ರಾಗಿ ಕೊಯ್ಯೋಕೆ ಆಳಿಲ್ಲ. ನೀಲಗಿರಿಗೆ ಕಾವಲು ಬೇಡ, ದನ ತಿನ್ನಲ್ಲ, ಕಡಿದಷ್ಟೂ ಚಿಗುರುತ್ತೆ. ಅವರನ್ನು ಬೈಯೋದಕ್ಕೆ ನನಗೆ ಬಾಯಿ ಬರಲ್ಲ. 2017ರಲ್ಲಿ ಸರ್ಕಾರ ಹೊಸದಾಗಿ ನೆಡೋದನ್ನು ನಿಷೇಧಿಸಿತು, ಅಷ್ಟರಲ್ಲಿ ನೆಡಬೇಕಾದ್ದೆಲ್ಲಾ ನೆಟ್ಟಾಗಿತ್ತು.

ಈಗ ಕೆರೆಗಳಿಗೆ ಮತ್ತೆ ನೀರು ಬರ್ತಿದೆ, ಉಲ್ಟಾ ದಿಕ್ಕಿನಿಂದ. ಹೆಬ್ಬಾಳ, ನಾಗವಾರ ಕಣಿವೆಯ ಕೊಳಚೆಯನ್ನು ಶುದ್ಧೀಕರಿಸಿ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕೆರೆಗಳಿಗೆ ಪಂಪ್ ಮಾಡ್ತಾರೆ. ಯೋಜನೆಯ ಲೆಕ್ಕ ದಿನಕ್ಕೆ 21 ಕೋಟಿ ಲೀಟರ್. ಕೋಲಾರಕ್ಕೆ ಕೋರಮಂಗಲ, ಚಲ್ಲಘಟ್ಟ ಕಣಿವೆಯ ನೀರು 2018ರಿಂದಲೇ ಹೋಗ್ತಿದೆ. 1894ರಲ್ಲಿ ಬೆಟ್ಟದ ನೀರು ಇಳಿದು ಹೋಯಿತು. ಈಗ ನಗರ ಬಳಸಿಬಿಟ್ಟ ನೀರು ಪೈಪಿನಲ್ಲಿ ಬೆಟ್ಟದ ಕಡೆ ಹತ್ತುತ್ತಿದೆ. ಬೋರ್‌ವೆಲ್‌ನಲ್ಲಿ ನೀರು ಬಂತು ಅಂತ ಖುಷಿಪಡುವ ರೈತರೂ ಇದ್ದಾರೆ. ಎರಡು ಹಂತ ಸಾಲದು, ಮೂರನೇ ಹಂತದ ಶುದ್ಧೀಕರಣ ಮಾಡಿಯೇ ಬಿಡಿ ಅಂತ ಹಟ ಹಿಡಿದವರೂ ಇದ್ದಾರೆ. ನಾನು ಎರಡನೆಯವರ ಪಕ್ಷ, ಯಾಕಂದ್ರೆ ದೊಡ್ಡತುಮಕೂರು, ಮಜರಾಹೊಸಹಳ್ಳಿ ಕೆರೆಗಳನ್ನು ನೋಡಿದ್ದೀನಿ. ದೊಡ್ಡಬಳ್ಳಾಪುರ ಪೇಟೆಯ ಕೊಳಚೆ, ಕಾರ್ಖಾನೆಗಳ ತ್ಯಾಜ್ಯ ಸೇರಿ ಕೆಟ್ಟ ಕೆರೆಗಳವು. ಕುಡಿಯುವ ನೀರಿಗಾಗಿ ಆ ಊರಿನವರು ವರ್ಷಗಳಿಂದ ಧರಣಿ ಕೂತು, ಕಾಲ್ನಡಿಗೆ ಮಾಡಿ, ಅರ್ಜಿ ಹಾಕಿ ಸುಸ್ತಾಗಿದ್ದಾರೆ. ಆ ಏರಿ ಮೇಲೆ ಸೈಕಲ್ ನಿಲ್ಲಿಸಿ ಫೋಟೋ ತೆಗೆಯೋ ಮನಸ್ಸು ಬರಲ್ಲ.

ಹೋಗುವವರಿಗೆ ಎರಡು ಮಾತು. ನಂದಿ ತಪ್ಪಲಿನಿಂದ ಹೆಸರಘಟ್ಟಕ್ಕೆ ಒಂದು ದಿನ ಧಾರಾಳ ಸಾಕು, ಹೈವೇ ಬಿಟ್ಟು ಹಳ್ಳಿ ರಸ್ತೆಯಲ್ಲಿ ಹೋಗಿ, ಕಾಕೋಳು ಏರಿ ತಪ್ಪಿಸಬೇಡಿ. ಪಿನಾಕಿನಿಗೆ ಇನ್ನೊಂದು ದಿನ ಇಟ್ಟುಕೊಳ್ಳಿ. ದೇವನಹಳ್ಳಿ ಹತ್ತಿರ ನಲ್ಲೂರಿನ ಹುಣಸೆ ತೋಪು ಇದೆ, 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದ್ದು. ಅಲ್ಲಿ ನೆರಳಲ್ಲಿ ಕೂತು ಬುತ್ತಿ ಬಿಚ್ಚಿ, ಬಿಸಿಲು ಇಳಿದ ಮೇಲೆ ಹೊಸಕೋಟೆ ದೊಡ್ಡಕೆರೆಗೆ ಹೊರಡಿ. ಅದರಿಂದ ಮುಂದೆ ನಾನಿನ್ನೂ ಹೋಗಿಲ್ಲ. ಗಡಿ ದಾಟಿದರೆ ಇದೇ ನದಿಗೆ ತೆನ್‌ಪೆಣ್ಣೈ ಅಂತ ಹೆಸರು, ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ಅದು ಆಗಾಗ ನೊರೆ ಉಕ್ಕಿಸುತ್ತೆ, ಆ ನೊರೆ ಬೆಂಗಳೂರಿನದು ಅಂತ ಅಲ್ಲಿನವರು ಬೈತಾರೆ. ಡಿಸೆಂಬರ್ ರಜೆಯಲ್ಲಿ ಅಲ್ಲೀತನಕ ತುಳಿಯೋಣ ಅಂತಿದ್ದೀನಿ.